ಭಾವನ ಸಿನಿಮಾ ಗೋಡೆಗೆ ಬಂದ ಹಳೆಯ ಸ್ಕೂಬಾ ರೆಗ್ಯುಲೇಟರುಗಳು

ಸಿರ್ಸಿಯಲ್ಲಿ ನನ್ನ ಭಾವನ ಮನೆಯ ಉಪ್ಪರಿಗೆ ತುಂಬ ಸಿನಿಮಾ ಸಾಮಾನು. ಟೂರಿಂಗ್ ಟಾಕೀಸಿನ ಪ್ರೊಜೆಕ್ಟರು, ಅದರ ಕಾರ್ಬನ್ ಕಡ್ಡಿ, ಕೈಯಲ್ಲಿ ಬರೆದ ಪೋಸ್ಟರು, ಇಂಟರ್ವಲ್ಲಿನಲ್ಲಿ ತೋರಿಸುತ್ತಿದ್ದ ಗಾಜಿನ ಸ್ಲೈಡು, ಟಾಕೀಸಿನ ಬಾಗಿಲ ಬಳಿ ಹಾಕುತ್ತಿದ್ದ ಫೋಟೋ ಅಚ್ಚಾದ ಲಾಬಿ ಕಾರ್ಡು. ಅಡಿಕೆ ತೋಟದ ಕೆಲಸ ಮುಗಿದರೆ ಭಾವ ಅಲ್ಲೇ ಇರುತ್ತಾರೆ. ಒಂದು ಗೋಡೆಯನ್ನು ನೀರೊಳಗಿನ ಸಿನಿಮಾಗಳಿಗೆ ಅಂತಲೇ ಇಟ್ಟಿದ್ದಾರೆ. ನಡುವೆ ಶಂಕರ್ ನಾಗ್ ನಿರ್ದೇಶನದ, ರಾಜ್‌ಕುಮಾರ್ ನಟಿಸಿದ 1987ರ ‘ಒಂದು ಮುತ್ತಿನ ಕಥೆ’ಯ ಪೋಸ್ಟರು. ಪಕ್ಕದಲ್ಲಿ 1965ರ ಜೇಮ್ಸ್ ಬಾಂಡ್ ಚಿತ್ರ ‘ಥಂಡರ್‌ಬಾಲ್’ನ ಲಾಬಿ ಕಾರ್ಡುಗಳು. ಕೆಳಗೆ ಫ್ರಾನ್ಸಿನ ಡೈವರ್ ಜಾಕ್ ಕೂಸ್ಟೋ ಮತ್ತು ನಿರ್ದೇಶಕ ಲೂಯಿ ಮಾಲ್ ಸೇರಿ ಮಾಡಿದ, 1956ರಲ್ಲಿ ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಗೆದ್ದ ‘ದಿ ಸೈಲೆಂಟ್ ವರ್ಲ್ಡ್’ನ ಒಂದು ಫೋಟೋ.

ಆ ಗೋಡೆಗೆ ಹೊಂದುವ ಡೈವಿಂಗ್ ಸಾಮಾನು ಬೇಕು ಅಂತ ಭಾವ ಬಹಳ ಕಾಲದಿಂದ ಹುಡುಕುತ್ತಿದ್ದರು. ಕೊನೆಗೆ ಮುಂಬೈಯ ಹಳೆ ಸಾಮಾನಿನ ವ್ಯಾಪಾರಿಯೊಬ್ಬರಿಂದ ಒಂದು ಕಬ್ಬಿಣದ ಟ್ರಂಕು ಬಂತು. ಒಳಗೆ ಬರೀ ಸ್ಕೂಬಾ ರೆಗ್ಯುಲೇಟರುಗಳು. ಸಿಲಿಂಡರಿನ ಗಾಳಿಯನ್ನು ಡೈವರಿನ ಬಾಯಿಗೆ ಬೇಕಾದಷ್ಟೇ ಒತ್ತಡದಲ್ಲಿ ಕೊಡುತ್ತದಲ್ಲ, ಆ ಯಂತ್ರ. ಒಂದೊಂದಕ್ಕೂ ದಾರದಲ್ಲಿ ಚೀಟಿ ಕಟ್ಟಿತ್ತು. ‘ಬಾಂಡ್ ಸಿನಿಮಾದಲ್ಲಿ ಬಳಸಿದ್ದು’, ‘ಕೂಸ್ಟೋ ಹಡಗಿನದು’, ‘ಹಾಲಿವುಡ್ 1960’ ಅಂತೆಲ್ಲ ಚೀಟಿಗಳು. ಚೀಟಿ ಇದ್ದದ್ದಕ್ಕೆ ದುಡ್ಡೂ ಜಾಸ್ತಿ ಹಾಕಿದ್ದರು.

ನಾನು ಇರುವುದು ಕಾರವಾರದಲ್ಲಿ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗಿಗೆ ಕರೆದೊಯ್ಯುವವರ ರೆಗ್ಯುಲೇಟರು ಬಿಚ್ಚಿ ತೊಳೆದು ಹೊಸ ಓ-ರಿಂಗು, ಅಂದರೆ ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ, ಹಾಕಿ ಕೊಡುವುದು ನನ್ನ ಕೆಲಸ. ಮಳೆಗಾಲದಲ್ಲಿ ನೇತ್ರಾಣಿ ಬಂದ್. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೂ ನಿಷೇಧ. ಬೈತಖೋಲ ಬಂದರಿನಲ್ಲಿ ಬೋಟುಗಳೆಲ್ಲ ಸಾಲಾಗಿ ನಿಂತಿರುತ್ತವೆ. ಕೈಯಲ್ಲಿ ಬಿಡುವು ಇರುವುದೇ ಆಗ. ಭಾವ ಟ್ರಂಕನ್ನು ಕಾರಿನಲ್ಲಿ ಹಾಕಿಕೊಂಡು ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ ದಾಟಿ ಬಂದರು. "ಇದು ಯಾವುದು, ಯಾವ ಕಾಲದ್ದು, ಯಾವ ಸಿನಿಮಾದ್ದು ಅಂತ ಹೇಳಿಬಿಡು ಮಾರಾಯ. ಕಾರ್ಡು ಬರೆಸಿ ಗೋಡೆಗೆ ಹಾಕ್ತೆ" ಅಂದರು.

ಮೊದಲ ಎರಡು ಪ್ರಶ್ನೆಗೆ ಉತ್ತರ ಸಿಗುತ್ತದೆ ಅಂದೆ. ಮೂರನೆಯದಕ್ಕೆ ಹಿತ್ತಾಳೆ ಏನು ಹೇಳುತ್ತದೋ ಅಷ್ಟನ್ನೇ ಬರೆಯೋಣ, ಚೀಟಿ ಹೇಳಿದ್ದನ್ನಲ್ಲ ಅಂತ ಮೊದಲೇ ಮಾತಾಡಿಕೊಂಡೆವು. ಅವರು ಒಪ್ಪಿದರು. ಆದರೆ ಮುಖ ಅಷ್ಟು ಒಪ್ಪಿರಲಿಲ್ಲ.

ಟ್ರಂಕು ತೆರೆದ ಕೂಡಲೇ ಎರಡು ಗುಂಪು ಮಾಡಿದೆ. ಎರಡು ಪೈಪಿನವು ಒಂದು ಕಡೆ, ಒಂದೇ ಪೈಪಿನವು ಇನ್ನೊಂದು ಕಡೆ. ಇದಕ್ಕಿಂತ ದೊಡ್ಡ ಗುರುತು ಬೇರೆ ಇಲ್ಲ.

ಎರಡು ಪೈಪಿನದು ಹಳೆಯ ಪದ್ಧತಿ. ಫ್ರಾನ್ಸಿನಲ್ಲಿ 1943ರಲ್ಲಿ ಜಾಕ್ ಕೂಸ್ಟೋ ಮತ್ತು ಎಮಿಲ್ ಗಾನ್ಯಾ ಮಾಡಿದ ಆಕ್ವಾ-ಲಂಗ್ ಇದರ ಮೂಲ. ಕೂಸ್ಟೋ ನೌಕಾಪಡೆಯವರು. ಗಾನ್ಯಾ ಏರ್ ಲಿಕ್ವಿಡ್ ಕಂಪನಿಯ ಇಂಜಿನಿಯರ್. ಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗುತ್ತಿರಲಿಲ್ಲ. ಕಾರುಗಳನ್ನು ಗ್ಯಾಸಿನಲ್ಲಿ ಓಡಿಸಲು ಗಾನ್ಯಾ ಒಂದು ವಾಲ್ವು ಮಾಡಿದ್ದರು. ಇಂಜಿನ್ ಎಳೆದಷ್ಟೇ ಗ್ಯಾಸ್ ಬಿಡುವ ವಾಲ್ವು. ಇಂಜಿನ್ನಿನ ಜಾಗದಲ್ಲಿ ಮನುಷ್ಯನ ಶ್ವಾಸಕೋಶ ಇಟ್ಟು ಯೋಚಿಸಿದಾಗ ರೆಗ್ಯುಲೇಟರು ಬಂತು. ನಾನು ದಿನಾ ಬಿಚ್ಚುವ ಯಂತ್ರದ ಅಜ್ಜ ಅದು. ಈ ವಿಷಯ ಓದಿದಾಗೆಲ್ಲ ನನಗೆ ಇಂದಿಗೂ ಖುಷಿಯಾಗುತ್ತದೆ.

ಇದರಲ್ಲಿ ಯಂತ್ರ ಇರುವುದು ಡೈವರಿನ ಬೆನ್ನ ಮೇಲೆ, ಕುತ್ತಿಗೆಯ ಕೆಳಗೆ. ಎರಡು ಹಿತ್ತಾಳೆ ತಟ್ಟೆಯನ್ನು ಬಾಯಿಗೆ ಬಾಯಿ ಕೂಡಿಸಿ ಇಟ್ಟ ಹಾಗೆ ಒಂದು ಗುಂಡನೆ ಡಬ್ಬಿ. ಒಳಗೆ ದೊಡ್ಡ ರಬ್ಬರ್ ಪೊರೆ, ಅದಕ್ಕೆ ಡಯಾಫ್ರಾಮ್ ಅನ್ನುತ್ತಾರೆ. ಅದರ ಒಂದು ಮಗ್ಗುಲಲ್ಲಿ ನೀರು, ಇನ್ನೊಂದು ಮಗ್ಗುಲಲ್ಲಿ ಗಾಳಿ. ಡೈವರ್ ಉಸಿರು ಎಳೆದರೆ ಒಳಗಿನ ಒತ್ತಡ ಕಡಿಮೆಯಾಗುತ್ತದೆ. ಹೊರಗಿನ ನೀರು ಡಯಾಫ್ರಾಮನ್ನು ಒಳಕ್ಕೆ ತಳ್ಳುತ್ತದೆ. ಅದು ಸನ್ನೆಯನ್ನು ಒತ್ತುತ್ತದೆ, ವಾಲ್ವು ತೆರೆಯುತ್ತದೆ. ಬಲಗಡೆಯ ಪೈಪಿನಲ್ಲಿ ಗಾಳಿ ಬಾಯಿಗೆ ಬರುತ್ತದೆ. ಬಿಟ್ಟ ಉಸಿರು ಎಡಗಡೆಯ ಪೈಪಿನಲ್ಲಿ ಪುನಃ ಬೆನ್ನ ಮೇಲಿನ ಡಬ್ಬಿಗೇ ಹೋಗಿ ಅಲ್ಲಿಂದ ನೀರಿಗೆ ಬಿಡುಗಡೆ.

ಬಿಟ್ಟ ಉಸಿರನ್ನು ಅಷ್ಟು ದೂರ ಯಾಕೆ ಕಳಿಸಬೇಕು, ಬಾಯಿಯ ಹತ್ತಿರವೇ ಬಿಡಬಾರದಾ ಅಂತ ಭಾವ ಕೇಳಿದರು. ಒಳ್ಳೆಯ ಪ್ರಶ್ನೆ. ಉಸಿರು ಹೊರಬೀಳುವ ಜಾಗ ಮತ್ತು ಡಯಾಫ್ರಾಮ್ ಒಂದೇ ಆಳದಲ್ಲಿ ಇರಬೇಕು. ಹೊರಬೀಳುವ ಜಾಗ ಸ್ವಲ್ಪ ಮೇಲಿದ್ದರೂ ಅಲ್ಲಿ ನೀರಿನ ಒತ್ತಡ ಕಡಿಮೆ. ಆಗ ಡಯಾಫ್ರಾಮಿನ ಮೇಲೆ ನೀರಿನ ಒತ್ತು ಗೆದ್ದು ವಾಲ್ವು ತೆರೆದೇ ಇರುತ್ತದೆ. ಗಾಳಿ ಸುಮ್ನೆ ಹರಿದು ಹೋಗುತ್ತದೆ. ಅದಕ್ಕೇ ಎರಡನೆಯ ಪೈಪು.

ಸಿನಿಮಾದವರಿಗೆ ಇದರಿಂದ ದೊಡ್ಡ ಉಪಕಾರವಾಯಿತು. ಗುಳ್ಳೆಗಳೆಲ್ಲ ತಲೆಯ ಹಿಂದಿನಿಂದ ಏಳುತ್ತವೆ. ಮುಖದ ಮುಂದೆ ಏನೂ ಇಲ್ಲ. ಕ್ಯಾಮೆರಾಕ್ಕೆ ಕಣ್ಣು ಸ್ಪಷ್ಟ ಕಾಣುತ್ತದೆ. ಒಂದೇ ಪೈಪಿನ ರೆಗ್ಯುಲೇಟರಿನಲ್ಲಿ ಗುಳ್ಳೆ ಬಾಯಿಯ ಎರಡೂ ಮಗ್ಗುಲಿಂದ ಬರುತ್ತದೆ. ಹಾಗಾಗಿ ಹಳೆ ಫೋಟೋ ನೋಡುವಾಗ ನಾನು ಮೊದಲು ಪೈಪು ನೋಡುವುದಿಲ್ಲ, ಗುಳ್ಳೆ ನೋಡುತ್ತೇನೆ. ಫೋಟೋ ಎಷ್ಟೇ ಮಸುಕಾಗಿರಲಿ, ಗುಳ್ಳೆ ಎಲ್ಲಿಂದ ಹೊರಟಿದೆ ಅಂತ ಗೊತ್ತಾಗಿಬಿಡುತ್ತದೆ. ಭಾವನ ಲಾಬಿ ಕಾರ್ಡುಗಳಲ್ಲಿ ಪೈಪು ಸರಿಯಾಗಿ ಕಾಣದ ಕೆಲವನ್ನು ಹೀಗೇ ಬೇರೆ ಮಾಡಿದೆವು.

ಆಮೇಲೆ ಲೇಬಲ್ಲು. ಎರಡು ಪೈಪಿನ ಡಬ್ಬಿಯ ಮುಖದ ಮೇಲೆ ಗುಂಡನೆಯ ಲೇಬಲ್ಲು ಇರುತ್ತದೆ. ಉಪ್ಪು ನೀರು, ಮರಳು, ಕೈ ಬೆವರು ಎಲ್ಲ ಸೇರಿ ಅದನ್ನು ತಿಂದಿರುತ್ತದೆ. ಎದುರಿನಿಂದ ನೋಡಿದರೆ ಬರೀ ಕಪ್ಪು ಬಿಲ್ಲೆ. ಕೋಣೆಯ ದೀಪ ಆರಿಸಿ ಟಾರ್ಚನ್ನು ಮಲಗಿಸಿ ಬೆಳಕು ಬಿಟ್ಟೆ. ತಗ್ಗಿನಲ್ಲಿ ನೆರಳು ಕೂತು ಅಕ್ಷರಗಳು ಎದ್ದು ಬಂದವು. ಮೊದಲು ‘ಆಕ್ವಾ’, ಸ್ವಲ್ಪ ತಿರುಗಿಸಿದ ಮೇಲೆ ‘ಮಾಸ್ಟರ್’. ಅಂಚಿನಲ್ಲಿ ಅಮೆರಿಕದ ಕಂಪನಿಯ ಹೆಸರು, ‘ಯು.ಎಸ್. ಡೈವರ್ಸ್’. ಭಾವ ಕುರ್ಚಿ ಬಿಟ್ಟು ಎದ್ದು ನಿಂತರು.

ಲೇಬಲ್ಲಿನಲ್ಲಿ ಪೇಟೆಂಟ್ ನಂಬರು ಇದ್ದರೆ ಅದನ್ನೂ ಬರೆದುಕೊಳ್ಳಬೇಕು. ಕೂಸ್ಟೋ ಮತ್ತು ಗಾನ್ಯಾ ಅವರ ಅಮೆರಿಕದ ಪೇಟೆಂಟ್ 2485039. ಅದು ಸಿಕ್ಕಿದ್ದು 1949ರಲ್ಲಿ. ಆ ನಂಬರು ಕಂಡರೆ ಸಾಮಾನು 1949ರ ನಂತರದ್ದು ಅಂತ ಆಯಿತು. 1949ರದ್ದೇ ಅಂತಲ್ಲ. ಎಷ್ಟೋ ಜನ ಪೇಟೆಂಟಿನ ವರ್ಷವನ್ನೇ ತಯಾರಾದ ವರ್ಷ ಅಂತ ಬರೆದು ಮಾರುತ್ತಾರೆ. ನಮ್ಮ ಟ್ರಂಕಿನ ಚೀಟಿಗಳಲ್ಲೂ ಅದು ಆಗಿತ್ತು. ಲೇಬಲ್ಲಿನಲ್ಲಿರುವ ಊರಿನ ಹೆಸರು ಇನ್ನೊಂದು ಗುರುತು. ಯು.ಎಸ್. ಡೈವರ್ಸ್ ಮೊದಲು ಲಾಸ್ ಏಂಜಲೀಸಿನಲ್ಲಿತ್ತು, ಆಮೇಲೆ ಸಾಂಟಾ ಆನಾಕ್ಕೆ ಹೋಯಿತು. ಒಂದೇ ಮಾದರಿಯ ಎರಡು ಸಾಮಾನಿನಲ್ಲಿ ಯಾವುದು ಮುಂಚಿನದು ಅಂತ ಊರಿನ ಹೆಸರೇ ಹೇಳುತ್ತದೆ.

ಲೇಬಲ್ ವಿಷಯದಲ್ಲಿ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅಕ್ಕ ದೇವರ ದೀಪ ತಿಕ್ಕುವ ಹುಣಸೆಹಣ್ಣು ಹಚ್ಚಿ ಕಿಲುಬು ತೆಗೆದುಕೊಡ್ತೇನೆ ಅಂದಳು. ದೀಪಕ್ಕೆ ಅದು ಬಹಳ ಒಳ್ಳೆಯದು, ಇದಕ್ಕೆ ಬೇಡ ಅಂದೆ. ಅಕ್ಷರದ ತಗ್ಗಿನಲ್ಲಿ ಉಳಿದಿರುವ ಬಣ್ಣ ಹುಳಿಗೆ ಎದ್ದು ಹೋಗುತ್ತದೆ. ಕ್ರೋಮ್ ಪದರ ಬಿರುಕು ಬಿಟ್ಟ ಕಡೆ ಹುಳಿ ಒಳಗೆ ಇಳಿದು ಹಿತ್ತಾಳೆಯನ್ನು ತಿನ್ನುತ್ತದೆ. ಉಗುರು ಬೆಚ್ಚಗಿನ ಸಿಹಿನೀರು, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷು, ಹತ್ತಿ ಬಟ್ಟೆ. ಇಷ್ಟೇ ಸಾಕು. ಮರಳು ಕಾಗದವನ್ನಂತೂ ಹತ್ತಿರವೂ ತರಬಾರದು. ಹೊಳಪು ಬರುತ್ತದೆ, ಗುರುತು ಹೋಗುತ್ತದೆ.

ಈಗ ಆಕ್ವಾ-ಮಾಸ್ಟರಿನ ವಿಷಯ. ಈ ಟ್ರಂಕಿನಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದದ್ದು ಅದೇ. 50ರ ದಶಕದ ಕೊನೆಯಿಂದ 70ರ ದಶಕದ ಶುರುವಿನವರೆಗೆ ಇದು ಮಾರಾಟದಲ್ಲಿತ್ತು. ಡಬ್ಬಿಯ ಎರಡು ಅರ್ಧಗಳನ್ನು ಸುತ್ತಲೂ ಸಣ್ಣ ಸಣ್ಣ ಕ್ಲಿಪ್ಪುಗಳು ಹಿಡಿದುಕೊಂಡಿರುತ್ತವೆ. ಬಿದಿರಿನ ಚಪ್ಪಟೆ ಕಡ್ಡಿಯಿಂದ ಒಂದೊಂದನ್ನೇ ಮೆಲ್ಲಗೆ ಎಬ್ಬಿಸಿದೆ. ಸ್ಕ್ರೂಡ್ರೈವರ್ ಹಾಕಿದ್ದರೆ ಅಂಚು ನೆಗ್ಗುತ್ತಿತ್ತು. ಮುಚ್ಚಳ ತೆಗೆದಾಗ ಹಳೆ ರಬ್ಬರಿನ ವಾಸನೆ ಕೋಣೆಯೆಲ್ಲ ತುಂಬಿತು. ಡಯಾಫ್ರಾಮ್ ಗಟ್ಟಿಯಾಗಿ ಹಪ್ಪಳದ ಹಾಗಾಗಿತ್ತು. ಬೆರಳು ತಾಗಿದರೆ ಪುಡಿ ಉದುರುತ್ತಿತ್ತು. ಅದರ ಕೆಳಗೆ ಸನ್ನೆಗಳು ಮಾತ್ರ ಹೊಸದರ ಹಾಗೆ. ಒಂದರ ಮೇಲೆ ಒಂದು ಕೂತಿದ್ದವು. ಬೆರಳಿನಿಂದ ಸ್ವಲ್ಪ ಒತ್ತಿದೆ, ಎರಡೂ ಒಟ್ಟಿಗೆ ಇಳಿದವು, ಬಿಟ್ಟ ಕೂಡಲೇ ಎದ್ದವು. ಇಷ್ಟು ವರ್ಷದ ಮೇಲೂ ಸ್ಪ್ರಿಂಗು ಕೆಲಸ ಮಾಡುತ್ತಿದೆ ಅಂದರೆ ಮಾಡಿದವರಿಗೆ ಕೈ ಮುಗಿಯಬೇಕು.

ಒಳಗೆ ನೋಡಿದ್ದು ಬರೀ ಆಸೆಗಲ್ಲ. ಆಕ್ವಾ-ಮಾಸ್ಟರಿನಲ್ಲಿ ಒತ್ತಡ ಇಳಿಸುವುದು ಎರಡು ಹಂತದಲ್ಲಿ. ಅದರ ಅಣ್ಣನಂತೆ ಕಾಣುವ ಮಿಸ್ಟ್ರಾಲಿನಲ್ಲಿ ಒಂದೇ ಹಂತ. ಮಿಸ್ಟ್ರಾಲ್ ಫ್ರಾನ್ಸಿನಲ್ಲಿ 1955ರಲ್ಲಿ ಬಂತು. ಅದರಲ್ಲಿ ಒಂದು ಸಣ್ಣ ನಳಿಕೆ ಗಾಳಿಯನ್ನು ನೇರ ಪೈಪಿನ ಬಾಯಿಗೆ ಚಿಮ್ಮಿಸುತ್ತದೆ. ಆ ಚಿಮ್ಮುವಿಕೆಯೇ ಡಯಾಫ್ರಾಮನ್ನು ಎಳೆದು ಹಿಡಿಯುತ್ತದೆ, ಉಸಿರು ಎಳೆಯುವುದು ಹಗುರಾಗುತ್ತದೆ. ಟ್ರಂಕಿನಲ್ಲಿ ಲೇಬಲ್ಲೇ ಇಲ್ಲದ ಒಂದು ಡಬ್ಬಿ ಇತ್ತು. ಚೀಟಿಯಲ್ಲಿ ಅದೂ ಆಕ್ವಾ-ಮಾಸ್ಟರ್ ಅಂತಲೇ ಇತ್ತು. ಬಿಚ್ಚಿದರೆ ಒಂದೇ ಹಂತ, ನಳಿಕೆ ಪೈಪಿನ ಕಡೆಗೆ ಮುಖ ಮಾಡಿದೆ. ಮಿಸ್ಟ್ರಾಲ್! ಭಾವನಿಗೆ ಇದು ನಷ್ಟವೋ ಲಾಭವೋ ಅಂತ ಒಂದು ಗಳಿಗೆ ಗೊತ್ತಾಗಲಿಲ್ಲ. ಹೆಸರು ಸರಿಯಾದದ್ದೇ ಲಾಭ ಅಂದೆ.

ಇನ್ನೊಂದು ಡಬ್ಬಿಯಲ್ಲಿ ‘ವೋಯ್ಟ್’ ಅಂತ ಬರೆದಿತ್ತು. ಒಳಗೆ ನೋಡಿದರೆ ಯು.ಎಸ್. ಡೈವರ್ಸಿನದೇ ಎರಕ, ಅದೇ ಸನ್ನೆ. ವೋಯ್ಟ್ ಅಮೆರಿಕದ ರಬ್ಬರ್ ಮತ್ತು ಆಟದ ಸಾಮಾನಿನ ಕಂಪನಿ. ಯು.ಎಸ್. ಡೈವರ್ಸ್ ಮಾಡಿದ ರೆಗ್ಯುಲೇಟರಿಗೆ ತನ್ನ ಲೇಬಲ್ಲು ಹಾಕಿ ಮಾರುತ್ತಿತ್ತು. ಹಾಗಾಗಿ ಯಾರೋ ಹಳೆ ವೋಯ್ಟ್ ಡಬ್ಬಿಗೆ ಆಕ್ವಾ-ಮಾಸ್ಟರಿನ ಮುಚ್ಚಳ ಕೂಡಿಸಿದರೆ ಸಲೀಸಾಗಿ ಕೂತುಬಿಡುತ್ತದೆ. ಎರಡೂ ಅರ್ಧಗಳ ಕ್ರೋಮು ಒಂದೇ ಥರ ಸವೆದಿದೆಯಾ, ಕಿಲುಬಿನ ಗೆರೆ ಮೇಲಿನ ಅರ್ಧದಿಂದ ಕೆಳಗಿನ ಅರ್ಧಕ್ಕೆ ಮುಂದುವರಿದಿದೆಯಾ ಅಂತ ನೋಡಬೇಕು. ಗೆರೆ ಅಂಚಿನಲ್ಲೇ ನಿಂತುಬಿಟ್ಟರೆ ಎರಡು ಬೇರೆ ಬೇರೆ ಸಾಮಾನು ಸೇರಿಸಿದ್ದಾರೆ ಅಂತಲೇ ನನ್ನ ಅನುಮಾನ. ರಬ್ಬರ್ ಪೈಪು, ಬಾಯಿಗೆ ಕಚ್ಚುವ ಭಾಗ ಇವನ್ನು ನಂಬಿ ಕಾಲ ಹೇಳಬಾರದು. ಅವನ್ನು ಬಳಸಿದವರು ಪದೇ ಪದೇ ಬದಲಿಸಿರುತ್ತಾರೆ. ಇವತ್ತಿಗೂ ಹೊಸ ಪೈಪು ಮಾಡಿ ಮಾರುತ್ತಾರೆ.

ಒಂದು ಡಬ್ಬಿಯ ಮೇಲೆ ರಷ್ಯನ್ ಅಕ್ಷರ. ಫೋನಿನ ಕ್ಯಾಮೆರಾದಲ್ಲಿ ಓದಿಸಿದರೆ ‘ಉಕ್ರೈನಾ’ ಅಂತ ಬಂತು. ಸೋವಿಯತ್ ಕಾಲದ್ದು. ಕಾರವಾರದವರಿಗೆ ಸೋವಿಯತ್ ಸಾಮಾನು ಹೊಸದಲ್ಲ. ಟಾಗೋರ್ ಬೀಚಿನಲ್ಲಿ ಮ್ಯೂಸಿಯಂ ಆಗಿ ನಿಂತಿರುವ ಐಎನ್‌ಎಸ್ ಚಪಲ್ ಕೂಡ ಅಲ್ಲಿ ಕಟ್ಟಿದ ಹಡಗೇ. ಇದನ್ನು ನಮ್ಮ ಕೇರಿಯ ಹಿರಿಯರೊಬ್ಬರಿಗೆ ತೋರಿಸಿದೆ. ನೌಕಾಪಡೆಯಲ್ಲಿ ಡೈವರ್ ಆಗಿದ್ದವರು, ನಾನು ಮಾಮ ಅಂತಲೇ ಕರೆಯುವುದು. ಅವರು ಡಬ್ಬಿ ನೋಡಲೇ ಇಲ್ಲ. ಬಾಯಿಗೆ ಕಚ್ಚುವ ಭಾಗವನ್ನು ಎತ್ತಿ ಬೆರಳು ಹಾಕಿ ನೋಡಿದರು.

"ಇದರಲ್ಲಿ ಒಳಗೆ ವಾಲ್ವು ಇಲ್ಲ ನೋಡು. ನೀರು ಹೊಕ್ಕರೆ ಎರಡೂ ಪೈಪಿಗೆ ಹೋಗ್ತದೆ. ಆಗ ಎಡಕ್ಕೆ ಹೊರಳಬೇಕು. ಉಸಿರು ಬಿಡುವ ಪೈಪು ಕೆಳಗೆ ಬರಬೇಕು, ಆಮೇಲೆ ಜೋರು ಊದಬೇಕು. ಈಗಿನವರ ಹಾಗೆ ಗುಂಡಿ ಒತ್ತಿದರೆ ಆಯ್ತು ಅಂತಿಲ್ಲ."

ಮಾಮ ಕುರ್ಚಿಯಲ್ಲಿ ಕೂತೇ ಎಡಕ್ಕೆ ವಾಲಿ ತೋರಿಸಿದರು. ಭುಜ ಮೊದಲು, ಆಮೇಲೆ ತಲೆ. ಭಾವ ಅದನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಂಡರು. ಈಗ ಆ ಸಾಮಾನಿನ ಪಕ್ಕ ಒಂದು ಸಣ್ಣ ಪರದೆಯಲ್ಲಿ ಅದೇ ಓಡುತ್ತದೆ. ನನ್ನ ಕೇಳಿದರೆ ಇಡೀ ಗೋಡೆಯಲ್ಲಿ ಜನ ಅತಿ ಹೆಚ್ಚು ಹೊತ್ತು ನಿಲ್ಲಬೇಕಾದ್ದು ಅಲ್ಲೇ. ಆಮೇಲಿನ ಮಾದರಿಗಳಲ್ಲಿ ಬಾಯಿಯ ಭಾಗದಲ್ಲೇ ಒಮ್ಮುಖ ವಾಲ್ವು ಬಂತು, ಈ ಹೊರಳುವ ಕಷ್ಟ ತಪ್ಪಿತು.

ಒಂದೇ ಪೈಪಿನ ಗುಂಪಿನಲ್ಲಿ ಕೆಲಸ ಬೇರೆ ಥರ. ಇಲ್ಲಿ ಯಂತ್ರ ಎರಡು ಭಾಗ. ಮೊದಲ ಹಂತ ಸಿಲಿಂಡರಿನ ಮೇಲೆ, ಎರಡನೆಯದು ಬಾಯಿಯಲ್ಲಿ. ನಡುವೆ ಸಣ್ಣ ಪೈಪು. ಇದು ಮೆಲ್ಬರ್ನಿನ ಟೆಡ್ ಎಲ್ಡ್ರೆಡ್ 1952ರ ಹೊತ್ತಿಗೆ ‘ಪೋರ್ಪಾಯಿಸ್’ ಅಂತ ಮಾಡಿ ಮಾರಿದ ಪದ್ಧತಿ. ಸ್ವೀಡನ್ನಿನ ಪೊಸೈಡನ್ ಕಂಪನಿಯ ಸೈಕ್ಲಾನ್ 1958ರದ್ದು. ಅಂದರೆ ಒಂದು ಪೈಪು ಅಂದ ಕೂಡಲೇ ಹೊಸದು ಅಂತ ತಳ್ಳಿಹಾಕುವಂತಿಲ್ಲ. ಎರಡೂ ಪದ್ಧತಿ ಬಹಳ ವರ್ಷ ಜೊತೆಜೊತೆಗೇ ಇದ್ದವು.

ಇಲ್ಲಿ ಕಂಪನಿಯ ಮತ್ತು ಮಾದರಿಯ ಹೆಸರೇ ಅರ್ಧ ಕೆಲಸ ಮುಗಿಸುತ್ತದೆ. ಸ್ಕೂಬಾಪ್ರೊ ಶುರುವಾದದ್ದು 1963ರಲ್ಲಿ. ಆ ಹೆಸರಿನ ಸಾಮಾನಿಗೆ ‘ಹಾಲಿವುಡ್ 1960’ ಅಂತ ಚೀಟಿ ಕಟ್ಟಿದ್ದರೆ ಅದನ್ನು ಅಲ್ಲೇ ಬಿಚ್ಚಬಹುದು. ಬಿಚ್ಚಿದೆವು. ಯು.ಎಸ್. ಡೈವರ್ಸಿನ ‘ಕಾನ್‌ಶೆಲ್ಫ್’ ಅನ್ನುವ ಹೆಸರು ಬಂದದ್ದು ಕೂಸ್ಟೋ ತಂಡ ಸಮುದ್ರದ ಅಡಿಯಲ್ಲಿ ಮನೆ ಕಟ್ಟಿ ವಾಸ ಮಾಡಿದ ಪ್ರಯೋಗಗಳಿಂದ. ಅವುಗಳಲ್ಲಿ ಮೊದಲನೆಯದು ನಡೆದದ್ದು 1962ರಲ್ಲಿ. ಹಾಗಾಗಿ ಆ ಹೆಸರಿನ ರೆಗ್ಯುಲೇಟರು ಅದಕ್ಕಿಂತ ಹಿಂದಿನ ಸಿನಿಮಾದಲ್ಲಿ ಇರುವುದು ಸಾಧ್ಯವೇ ಇಲ್ಲ.

ಹೆಸರು ಅಳಿಸಿಹೋದರೆ ತೂತು ನೋಡಬೇಕು. ಮೊದಲ ಹಂತದ ಮೈಮೇಲೆ ಪೈಪು ತಿರುಗಿಸುವ ತೂತುಗಳಿರುತ್ತವೆ. ತೀರಾ ಹಳೆಯ ಎಷ್ಟೋ ಮಾದರಿಗಳಲ್ಲಿ ಬಾಯಿಗೆ ಹೋಗುವ ಪೈಪಿಗೆ ಒಂದೇ ತೂತು. ಒತ್ತಡದ ಮೀಟರಿಗೆ ಜಾಗವೇ ಇಲ್ಲ. ಆಮೇಲೆ ಮೀಟರಿನ ತೂತು ಬಂತು. ಮೊದಮೊದಲು ಅದರ ಮರೆಯೂ, ಅಂದರೆ ತಿರುಗಿಸಿ ಕೂರಿಸುವ ಸ್ಕ್ರೂ ಗೆರೆಯೂ, ಉಳಿದವುಗಳ ಹಾಗೆ 3/8 ಇಂಚಿನದೇ. ಅದರಲ್ಲಿ ಅಪಾಯ ಇತ್ತು. ಕಡಿಮೆ ಒತ್ತಡದ ಪೈಪನ್ನು ಯಾರಾದರೂ ಸಿಲಿಂಡರಿನ ಪೂರ್ತಿ ಒತ್ತಡ ಬರುವ ತೂತಿಗೆ ತಿರುಗಿಸಿದರೆ ಪೈಪು ಒಡೆಯುತ್ತದೆ. ಅದಕ್ಕೇ ಮುಂದೆ ಹೆಚ್ಚು ಒತ್ತಡದ ತೂತನ್ನು 7/16 ಇಂಚಿಗೆ ದೊಡ್ಡದು ಮಾಡಿದರು. ಈಗ ನನ್ನ ಟೇಬಲ್ಲಿಗೆ ಬರುವವೆಲ್ಲ ಹಾಗೆಯೇ.

‘ಬಾಂಡ್ ಸಿನಿಮಾದಲ್ಲಿ ಬಳಸಿದ್ದು’ ಅನ್ನುವ ಚೀಟಿಯ ಸಾಮಾನು ಒಂದೇ ಪೈಪಿನದು. ಭಾವ ಅದನ್ನೇ ಗೋಡೆಯ ಮಧ್ಯಕ್ಕೆ ಹಾಕುವುದು ಅಂತ ಇಟ್ಟುಕೊಂಡಿದ್ದರು. ಡಬ್ಬದಿಂದ ಹೊಸ ಪ್ಲಗ್ಗುಗಳನ್ನು ತಂದೆ. ಮೀಟರಿನ ತೂತಿಗೆ 3/8ರ ಪ್ಲಗ್ಗು ಇಟ್ಟರೆ ಹಿಡಿಯಲಿಲ್ಲ, ಒಳಗೆ ಜಾರಿತು. 7/16ರ ಪ್ಲಗ್ಗು ಬೆರಳಿನಲ್ಲೇ ತಿರುಗಿ ಕೊನೆಯವರೆಗೂ ಹೋಗಿ ಕೂತಿತು. 1965ರ ಸಿನಿಮಾದ ಸಾಮಾನಿನಲ್ಲಿ ಈ ಮರೆ ಇರುವುದಿಲ್ಲ. ಭಾವ ಏನೂ ಮಾತಾಡಲಿಲ್ಲ. ಆ ಚೀಟಿಗೆ ಕೊಟ್ಟ ದುಡ್ಡು ನನಗೆ ಗೊತ್ತಿತ್ತು. ನನಗೂ ಬೇಜಾರಾಯಿತು. ಆದರೆ ಅದನ್ನು ಆ ಲಾಬಿ ಕಾರ್ಡಿನ ಪಕ್ಕ ನೇತುಹಾಕಿದರೆ ನಾಳೆ ಬಂದ ಮಕ್ಕಳು ಅದನ್ನೇ ನಿಜ ಅಂತ ನಂಬುತ್ತಾರಲ್ಲ.

ಇನ್ನು ಫೋಟೋ ಹೋಲಿಸುವ ಕೆಲಸ. ಇದಕ್ಕೆ ಸಿರ್ಸಿಗೆ ನಾನೇ ಹೋದೆ, ಕಾರ್ಡುಗಳೆಲ್ಲ ಅಲ್ಲಿದ್ದವು. ಮೊದಲು ಫೋಟೋ ತಿರುವುಮುರುವಾಗಿ ಅಚ್ಚಾಗಿದೆಯಾ ಅಂತ ನೋಡಿಕೊಂಡೆವು. ಲಾಬಿ ಕಾರ್ಡುಗಳಲ್ಲಿ ಇದು ಆಗುತ್ತದೆ, ಕಾಗದದ ವಿನ್ಯಾಸಕ್ಕೆ ಹೊಂದಲಿ ಅಂತ ನೆಗೆಟಿವ್ ತಿರುಗಿಸಿರುತ್ತಾರೆ. ಒಂದೇ ಪೈಪಿನ ರೆಗ್ಯುಲೇಟರಿನಲ್ಲಿ ಪೈಪು ಸಾಮಾನ್ಯವಾಗಿ ಬಲ ಭುಜದ ಮೇಲಿನಿಂದ ಬರುತ್ತದೆ. ಎಡದಿಂದ ಬಂದಿದ್ದರೆ ಎಲ್ಲರ ವಾಚೂ ಬಲಗೈಯಲ್ಲಿದೆಯಾ, ಸಿಲಿಂಡರಿನ ಅಕ್ಷರ ಉಲ್ಟಾ ಇದೆಯಾ ಅಂತ ಭೂತಗನ್ನಡಿ ಹಿಡಿಯಬೇಕು.

ಬಣ್ಣವನ್ನೂ ಪೂರ್ತಿ ನಂಬುವಂತಿಲ್ಲ. ನೀರಿನಲ್ಲಿ ಕೆಂಪು ಬಣ್ಣ ಮೊದಲು ಹೋಗುತ್ತದೆ. ಕೆಲವೇ ಮೀಟರ್ ಇಳಿದರೆ ಕೆಂಪು ಲೇಬಲ್ಲು ಕಪ್ಪಾಗಿ ಕಾಣುತ್ತದೆ, ಕ್ಯಾಮೆರಾದ ದೀಪ ಬಿದ್ದರೆ ಮಾತ್ರ ಪುನಃ ಕೆಂಪು. ಹಾಗಾಗಿ ಒಂದೇ ಸಿನಿಮಾದ ಎರಡು ಫೋಟೋದಲ್ಲಿ ಒಂದೇ ರೆಗ್ಯುಲೇಟರು ಎರಡು ಥರ ಕಾಣಬಹುದು. ನಾವು ಬಣ್ಣ ಬಿಟ್ಟು ಆಕಾರ ಹಿಡಿದೆವು. ಡಬ್ಬಿಯ ಅಂಚು, ಪೈಪು ಹೊರಡುವ ಕೋನ, ಸಿಲಿಂಡರಿಗೆ ಬಿಗಿಯುವ ಕೊಕ್ಕೆಯ ಆಕಾರ. ಪ್ರಚಾರಕ್ಕೆ ಅಂತ ಬೇರೆಯಾಗಿ ತೆಗೆದ ಫೋಟೋಗಳೂ ಇರುತ್ತವೆ. ಅದರಲ್ಲಿ ನಟರ ಮೈಮೇಲೆ ಇರುವ ಸಾಮಾನೇ ಚಿತ್ರೀಕರಣದಲ್ಲೂ ಇತ್ತು ಅನ್ನಲು ಬರುವುದಿಲ್ಲ. ಸಿನಿಮಾದ ಒಳಗಿನ ದೃಶ್ಯವನ್ನೇ ನಿಲ್ಲಿಸಿ ನೋಡಬೇಕು.

ಟ್ರಂಕಿನ ತಳದಲ್ಲಿ ಭಾವ ಬದಿಗೆ ಸರಿಸಿಟ್ಟ ಒಂದು ಸಾಮಾನಿತ್ತು. ಎರಡು ಪೈಪಿನದು, ಬೆಳ್ಳಿ ಬಣ್ಣ ಬಳಿದದ್ದು, ಚೀಟಿ ಇಲ್ಲ. ಎತ್ತಿದರೆ ಹಗುರ. ಹಿತ್ತಾಳೆಯ ತೂಕವೇ ಇಲ್ಲ. ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು. ಬಣ್ಣ ಎದ್ದ ಕಡೆ ಫೈಬರ್ ನೂಲು ಕಾಣುತ್ತಿತ್ತು. ಪೈಪಿನ ತುದಿ ಎರಡೂ ಬಂದ್, ಅಂಟು ಹಾಕಿ ಕೂರಿಸಿದ್ದು. ಕೊಕ್ಕೆಯೊಂದೇ ಕಬ್ಬಿಣ, ಆಯಸ್ಕಾಂತ ಹಿಡಿದರೆ ಅಂಟಿತು. "ಇದು ನಕಲಿ, ಬಿಸಾಡ್ಲಾ?" ಅಂತ ಭಾವ ಕೇಳಿದರು.

ಬೇಡವೇ ಬೇಡ ಅಂದೆ. ಇದರಲ್ಲಿ ಯಾರೂ ಉಸಿರಾಡಲು ಸಾಧ್ಯವಿಲ್ಲ, ಉಸಿರಾಡಲು ಮಾಡಿದ್ದೂ ಅಲ್ಲ. ನೋಡುವವರಿಗೆ ಕಾಣಲಿ ಅಂತಲೇ ಮಾಡಿದ್ದು. ಸಿನಿಮಾ, ಜಾಹೀರಾತು, ಅಂಗಡಿಯ ಗಾಜಿನ ಕಪಾಟು, ಯಾವುದಕ್ಕಾದರೂ ಇರಬಹುದು. ಉಳಿದ ಹಿತ್ತಾಳೆ ಸಾಮಾನುಗಳು ಯಾವುದೋ ಡೈವಿಂಗ್ ಶೆಡ್ಡಿನಿಂದ ನೇರ ಬಂದಿರಬಹುದು, ಕ್ಯಾಮೆರಾವನ್ನೇ ನೋಡಿರಲಿಕ್ಕಿಲ್ಲ. ಸಿನಿಮಾ ಸಂಗ್ರಹಕ್ಕೆ ಈ ಹಗುರ ಡಬ್ಬಿಯ ಹಕ್ಕು ಅವಕ್ಕಿಂತ ಕಡಿಮೆಯೇನಲ್ಲ. ‘ಥಂಡರ್‌ಬಾಲ್’ನಲ್ಲೇ ಬಾಂಡ್ ಬಾಯಿಗೆ ಕಚ್ಚಿಕೊಂಡು ಈಜುವ ಅಂಗೈಯಗಲದ ಉಸಿರಾಟದ ಸಾಧನ ಇದೆಯಲ್ಲ, ಅದೂ ಕೆಲಸ ಮಾಡುವ ಸಾಮಾನಲ್ಲ, ಡಮ್ಮಿ. ನಟ ಉಸಿರು ಹಿಡಿದಷ್ಟು ಹೊತ್ತೇ ಅದರ ಕೆಲಸ. ಆ ಚಿತ್ರಕ್ಕೆ ವಿಶುವಲ್ ಎಫೆಕ್ಟ್ಸಿನ ಆಸ್ಕರ್ ಬಂದಿದೆ. ಡಮ್ಮಿಗೂ ಅದರದ್ದೇ ಆದ ಕುಶಲತೆ ಇದೆ. ನಮ್ಮ ಡಬ್ಬಿಯಲ್ಲಿ ಮಾಡಿದವರು ಕ್ಲಿಪ್ಪುಗಳನ್ನು ಕೂಡ ಒಂದೊಂದಾಗಿ ಕೊರೆದಿದ್ದರು, ಹತ್ತಿರದಿಂದ ನೋಡಿದರೆ ಬ್ರಷ್ಷಿನಲ್ಲಿ ಹಾಕಿದ ನೆರಳೂ ಕಾಣುತ್ತದೆ.

ಕಾರ್ಡು ಬರೆಯುವಾಗ ಪದಗಳನ್ನು ಬಿಗಿ ಮಾಡಿದೆವು. ಆ ಸಿನಿಮಾದಲ್ಲಿ ಬಳಸಿದ್ದೇ ಇದು ಅನ್ನಲು ಚಿತ್ರತಂಡದ ಕಾಗದ, ಬಾಡಿಗೆಗೆ ಕೊಟ್ಟವರ ರಸೀದಿ ಅಥವಾ ಫೋಟೋದಲ್ಲಿ ಕಾಣುವ ಅದೇ ನೆಗ್ಗು, ಅದೇ ಗೀರು ಬೇಕು. ಅಂಥದ್ದು ಟ್ರಂಕಿನಲ್ಲಿ ಒಂದೂ ಇರಲಿಲ್ಲ. ಹಾಗಾಗಿ ‘ಈ ಮಾದರಿಯದು’ ಅಥವಾ ‘ಆ ಕಾಲದ್ದು’ ಅಂತ ಮಾತ್ರ. ಮಿಸ್ಟ್ರಾಲಿನ ಕಾರ್ಡಿನಲ್ಲಿ ‘ಒಂದೇ ಹಂತದ, ಎರಡು ಪೈಪಿನ ರೆಗ್ಯುಲೇಟರ್. ಈ ಮಾದರಿ 1955ರಲ್ಲಿ ಬಂದದ್ದು. ಲೇಬಲ್ ಇಲ್ಲ, ಒಳಗಿನ ರಚನೆಯಿಂದ ಗುರುತಿಸಿದ್ದು’ ಅಂತ ಬರೆದಿದ್ದೇವೆ. ಹೇಗೆ ಗುರುತಿಸಿದ್ದು ಅಂತ ಕಾರ್ಡಿನಲ್ಲೇ ಇರಬೇಕು ಅನ್ನುವುದು ನನ್ನ ಹಟ. ನಾಳೆ ನನಗಿಂತ ಜಾಸ್ತಿ ತಿಳಿದವರು ಬಂದರೆ ಅವರಿಗೆ ತಿದ್ದಲು ದಾರಿ ಇರುತ್ತದೆ. ವ್ಯಾಪಾರಿಯ ಚೀಟಿಗಳನ್ನೂ ಎಸೆಯಲಿಲ್ಲ. ಲಕೋಟೆಯಲ್ಲಿ ಹಾಕಿ, ಯಾವ ಸಾಮಾನಿನ ಜೊತೆ ಬಂತು ಅಂತ ಬರೆದು ಇಟ್ಟಿದ್ದೇವೆ.

ಅಕ್ಕನ ಮಗನಿಗೆ ಆಕ್ವಾ-ಮಾಸ್ಟರ್ ಕಟ್ಟಿಕೊಂಡು ನೇತ್ರಾಣಿಯಲ್ಲಿ ಒಮ್ಮೆ ಇಳಿಯುವ ಆಸೆ. ಅದಕ್ಕೆ ನಾನು ಒಪ್ಪಲಿಲ್ಲ. ಹೊಸ ಡಯಾಫ್ರಾಮ್, ಹೊಸ ಪೈಪು ಹಾಕಿ ಇಂಥವನ್ನು ಬಳಸುವ ಪಳಗಿದ ಡೈವರುಗಳು ಹೊರದೇಶದಲ್ಲಿ ಇದ್ದಾರೆ, ನಿಜ. ನಮ್ಮಲ್ಲಿರುವುದು ಪುಡಿಯಾಗುವ ರಬ್ಬರು. ಕ್ರೋಮಿನ ಕೆಳಗೆ ಹಿತ್ತಾಳೆ ಎಷ್ಟು ಉಳಿದಿದೆ ಅಂತ ಹೊರಗಿನಿಂದ ಕಾಣುವುದಿಲ್ಲ. ಈಗಿನ ಸಿಲಿಂಡರಿನಲ್ಲಿ ಗಾಳಿ 200 ಬಾರ್ ಒತ್ತಡದಲ್ಲಿ ತುಂಬಿರುತ್ತದೆ. ನಾನು ಒಂದನ್ನೂ ಸಿಲಿಂಡರಿಗೆ ಜೋಡಿಸಿಯೇ ಇಲ್ಲ. ಎಲ್ಲದಕ್ಕೂ ‘ಉಸಿರಾಟಕ್ಕೆ ಬಳಸಬಾರದು’ ಅಂತ ಕೆಂಪು ಪಟ್ಟಿ ಕಟ್ಟಿದ್ದೇನೆ.

ಸಿರ್ಸಿಯ ಮಳೆಗಾಲದಲ್ಲಿ ಇವನ್ನು ಉಳಿಸಿಕೊಳ್ಳುವುದೇ ಈಗಿನ ಚಿಂತೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಳಗೇ ತೇವ ನಿಂತು ಕಿಲುಬು ಏಳುತ್ತದೆ, ರಬ್ಬರಿಗೆ ಬೂಷ್ಟು ಹಿಡಿಯುತ್ತದೆ. ಪೈಪುಗಳನ್ನು ಮೊಳೆಗೆ ನೇತುಹಾಕಿದರೆ ಮಡಿಚಿದ ಕಡೆ ಸೀಳುತ್ತವೆ. ಅದಕ್ಕೆ ಒಳಗೆ ಹತ್ತಿ ಬಟ್ಟೆಯ ಸುರುಳಿ ತೂರಿಸಿ ಅಗಲದ ಮರದ ಗೂಟದ ಮೇಲೆ ಮಲಗಿಸಿದ್ದೇವೆ. ಬಿಸಿಲು ನೇರ ಬೀಳದಂತೆ ಕಿಟಕಿಗೆ ಪರದೆ ಬಂದಿದೆ. ತೇವ ಹೀರುವ ಸಿಲಿಕಾ ಜೆಲ್ ಚೀಲಗಳನ್ನು ಭಾವ ಅಡಿಕೆ ಒಣಗಿಸುವ ಡ್ರೈಯರಿನಲ್ಲಿ ಪುನಃ ಒಣಗಿಸಿ ಬಳಸುತ್ತಾರೆ.

ಗೋಡೆಯ ಮಧ್ಯದಲ್ಲಿ ಈಗ ‘ಬಾಂಡ್’ ಚೀಟಿಯ ಸಾಮಾನು ಇಲ್ಲ. ಅಲ್ಲಿ ಆಕ್ವಾ-ಮಾಸ್ಟರ್ ಇದೆ. ಮುಚ್ಚಳ ತೆಗೆದು ಸನ್ನೆ ಕಾಣುವ ಹಾಗೆ ಇಟ್ಟಿದ್ದೇವೆ, ಲೇಬಲ್ಲಿನ ಮೇಲೆ ಬದಿಯಿಂದ ಬೀಳುವ ಸಣ್ಣ ದೀಪ ಹಾಕಿಸಿದ್ದೇವೆ. ಅದರ ಒಂದು ಕ್ಲಿಪ್ಪು ಕಾಣೆಯಾಗಿದೆ, ಭಾವ ಅದಕ್ಕೆ ಹುಡುಕುತ್ತಿದ್ದಾರೆ. ಹಳೆ ಡೈವಿಂಗ್ ಸಾಮಾನು ಗುಜರಿಗೆ ಹಾಕುವ ಮೊದಲು ಒಮ್ಮೆ ತೋರಿಸಿ ಅಂತ ಬಂದರಿನಲ್ಲಿ ಗುರುತಿನವರಿಗೆಲ್ಲ ನಾನೂ ಹೇಳಿಟ್ಟಿದ್ದೇನೆ.